ಮ್ಯಾಚ್ ಮುಗಿದ ಮೇಲಿನ ಹತ್ತು ನಿಮಿಷ

ನಾನು ಕಾಲೇಜ್ ಫುಟ್‌ಬಾಲ್ ನೋಡೋದೇ ಮ್ಯಾಚ್ ಮುಗಿದ ಮೇಲಿನ ಹತ್ತು ನಿಮಿಷಕ್ಕೋಸ್ಕರ ಅಂದ್ರೆ ಇಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ಯಾರೂ ನಂಬಲ್ಲ. ನನ್ ಹೆಂಡ್ತಿ ಅಂತೂ "ನಿಮಗೆ ಜಗಳ ನೋಡೋ ಚಟ ಕಣ್ರೀ, ಆಟ ಬರೀ ನೆಪ" ಅಂತಾಳೆ. ಪೂರ್ತಿ ಸುಳ್ಳೇನಲ್ಲ ಬಿಡಿ.

ಊರಲ್ಲಿರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಇದು ಹೆಲ್ಮೆಟ್ ಹಾಕ್ಕೊಂಡು ಮೊಟ್ಟೆ ಆಕಾರದ ಚೆಂಡು ತಬ್ಕೊಂಡು ಗುದ್ದಾಡೋ ಆಟ. ಕಾಲೇಜ್ ಟೀಮ್ ತಾನೇ ಅಂತ ಹಗುರಾಗಿ ತಗೋಬೇಡಿ, ನಮ್ಮೂರ ಓಹಾಯೋ ಸ್ಟೇಡಿಯಂನಲ್ಲೇ ಲಕ್ಷಕ್ಕೂ ಹೆಚ್ಚು ಜನ ಕೂರ್ತಾರೆ, ದೊಡ್ಡ ಕೋಚ್‌ಗಳ ಸಂಬಳ ವರ್ಷಕ್ಕೆ 10 ಮಿಲಿಯನ್ ಡಾಲರ್ ದಾಟಿ ಎಷ್ಟೋ ಕಾಲ ಆಯ್ತು, ಗವರ್ನರ್ ಸಂಬಳ ಅದರ ಮುಂದೆ ಕಡ್ಲೆಕಾಯಿ ಸಿಪ್ಪೆ. ಆಡೋರು ಮಾತ್ರ 19-20ರ ಹುಡುಗ್ರು. ಈ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಮುಂದಕ್ಕೆ ಓದಿ.

2023ರ ಸೆಪ್ಟೆಂಬರ್ 23, ಶನಿವಾರ ರಾತ್ರಿ. ಸೌತ್ ಬೆಂಡ್‌ನಲ್ಲಿ ನೋಟ್ರ್ ಡೇಮ್ ಮೇಲೆ ನಮ್ಮ ಓಹಾಯೋ ಸ್ಟೇಟ್. ನಾನು ಚುರುಮುರಿ ಬಟ್ಲು ಹಿಡ್ಕೊಂಡು ಪಕ್ಕದ್ಮನೆ ತಾತನ ಸೋಫಾದಲ್ಲಿದ್ದೆ, ತಾತ ಹುಟ್ಟಿದಾಗಿಂದ ಓಹಾಯೋ ಸ್ಟೇಟ್ ಭಕ್ತ, ಚುರುಮುರಿ ಖಾರಕ್ಕೋ ಟೆನ್ಶನ್‌ಗೋ ಗೊತ್ತಿಲ್ಲ, ಕಣ್ಣಲ್ಲಿ ನೀರು. ಇನ್ನು 1 ಸೆಕೆಂಡ್ ಇರೋವಾಗ ನಮ್ಮೋರು ಚೆಂಡನ್ನ ಎದುರಾಳಿ ಗೆರೆ ದಾಟಿಸಿ, ಅಂದ್ರೆ ಟಚ್‌ಡೌನ್ ಮಾಡಿ, 17-14ಕ್ಕೆ ಗೆದ್ರು. ಮೈಕ್ ಹಿಡಿದ ತಕ್ಷಣ ಕೋಚ್ ರಯಾನ್ ಡೇ ಕಿರುಚಿದ್ದು, ಲೂ ಹೋಲ್ಟ್ಜ್ ಎಲ್ಲಿದ್ದಾರೆ ಈಗ, ನಮ್ಮ ಟೀಮ್ ಬಗ್ಗೆ ಅವ್ರು ಹಾಗೆಲ್ಲ ಮಾತಾಡಿದ್ರಲ್ಲ ಅಂತ. ಹೋಲ್ಟ್ಜ್ ಅಂದ್ರೆ ನೋಟ್ರ್ ಡೇಮ್‌ನ ಹಳೇ ಕೋಚ್, ಆಗ 86 ವರ್ಷ. ಓಹಾಯೋ ಸ್ಟೇಟ್‌ನ ಸೋಲಿಸೋರೆಲ್ಲ ಮೈಬಲದಲ್ಲೇ ಸೋಲಿಸ್ತಾರೆ ಅಂತ ಮ್ಯಾಚಿಗೆ ಮುಂಚೆ ಒಂದು ಶೋನಲ್ಲಿ ಹೇಳಿದ್ರು, ಅಷ್ಟೇ. ತಾತ ಟಿವಿ ಸೌಂಡ್ ಕಮ್ಮಿ ಮಾಡಿ, "ಗೆದ್ದ ಮೇಲೂ ಆ ಮುದುಕನ ಹೆಸರು ಯಾಕೆ ಬೇಕಿತ್ತು ಇವನಿಗೆ?" ಅಂದ.

ಮಾರನೇ ದಿನ ಎಲ್ರ ಬಾಯಲ್ಲೂ ಅದೇ. ನನಗೆ ನಿಜ ಹೇಳ್ಬೇಕು ಅಂದ್ರೆ ಡೇ ಕಿರುಚಿದ್ದು ಅಷ್ಟೇನೂ ಬೇಜಾರಾಗ್ಲಿಲ್ಲ. ನನ್ ತಲೇಲಿ ಉಳ್ಕೊಂಡಿದ್ದು ಸೋತ ಕಡೆಯ ಕೋಚ್ ಮಾರ್ಕಸ್ ಫ್ರೀಮನ್. ಏನಾಗಿತ್ತು ಅಂದ್ರೆ ಕೊನೇ ಎರಡು ಪ್ಲೇನಲ್ಲಿ ನೋಟ್ರ್ ಡೇಮ್ ಡಿಫೆನ್ಸ್‌ನಲ್ಲಿ 11 ಜನರ ಬದಲು 10 ಜನ ಇದ್ರು. ಹತ್ತೇ ಜನ! ಮದುವೆ ಮನೇಲಿ ಎಲೆ ಹಾಕೋವಾಗ ಕೂಡ ನಾವು ಇಷ್ಟು ಲೆಕ್ಕ ತಪ್ಪಲ್ಲ. ಮೈಕ್ ಮುಂದೆ ಕೂತಾಗ ಫ್ರೀಮನ್‌ಗೆ ಸುಲಭದ ದಾರಿ ಇತ್ತು, ಯಾವ ಹುಡುಗ ಒಳಗೆ ಹೋಗ್ಬೇಕಿತ್ತೋ ಅವನ ಕಡೆ ಬೆರಳು ತೋರಿಸಿದ್ರೆ ಮುಗೀತಿತ್ತು. ಆ ಮನುಷ್ಯ ಅದು ಕೋಚ್‌ಗಳ ತಪ್ಪು, ನಮ್ಮ ಮೇಲಿರಲಿ ಅಂತ ಹೇಳಿ ಹೊತ್ಕೊಂಡ್ರು. ಆಗಿನ್ನೂ ನಲವತ್ತು ತುಂಬಿರ್ಲಿಲ್ಲ ಅವ್ರಿಗೆ, ಅದೂ ಸೋತಿದ್ದು ತಾನೇ ಒಂದ್ ಕಾಲಕ್ಕೆ ಆಡಿದ್ದ ಓಹಾಯೋ ಸ್ಟೇಟ್ ಎದುರು.

ಇಲ್ಲಿನ ಪೇಪರ್‌ನೋರು ಸ್ಪೋರ್ಟ್ಸ್‌ಮನ್‌ಶಿಪ್ ಅಂದ್ರೆ ಕೈ ಕುಲುಕಿ "ಅವ್ರು ಚೆನ್ನಾಗಿ ಆಡಿದ್ರು, ಹ್ಯಾಟ್ಸ್ ಆಫ್" ಅನ್ನೋದೇ ಅಂದ್ಕೊಂಡಿದಾರೆ. ಆ ಸಕ್ಕರೆ ಮಾತು ನನಗೆ ಬೇಕಾಗಿಲ್ಲ, ಕೋಚ್ ಆದೋನು ತನ್ನ ಹುಡುಗ್ರನ್ನ ಕಾಯೋದು ಮುಖ್ಯ. ಕೋಚ್‌ಕೋಚ್‌ಗಳು ಬೈದಾಡ್ಕೊಳ್ಲಿ ಬಿಡಿ, ಇಬ್ರೂ ಕೋಟ್ಯಾಧಿಪತಿಗಳು, ತಡ್ಕೋತಾರೆ. 2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೋಚ್ ಜಿಮ್ ಹಾರ್ಬಾ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ) ಮೇಲೆ ಗೆಲುವು ಕೈಗೆ ಬಂದಾದ ಮೇಲೂ ಎಕ್ಸ್‌ಟ್ರಾ 2 ಪಾಯಿಂಟ್‌ಗೆ ಕೈ ಹಾಕಿದ್ರು, ಕೊನೆಗೆ 55-21. ಮೈದಾನದ ಮಧ್ಯೆ ಕೈ ಕೊಡೋವಾಗ ಯುಎಸ್‌ಸಿ ಕೋಚ್ ಪೀಟ್ ಕ್ಯಾರಲ್ ಕೇಳಿದ್ದು ನಮ್ಮ ಭಾಷೇಲಿ ಹೇಳಿದ್ರೆ "ಏನಯ್ಯಾ ನಿನ್ ಕಥೆ?" ಅಂತ, ಹಾರ್ಬಾನೂ ತಿರುಗಿಸಿ ಅದನ್ನೇ ಕೇಳಿದ್ರು. ಅದೇ ಹಾರ್ಬಾ 2021ರಲ್ಲಿ ಮಿಷಿಗನ್ ಕೋಚಾಗಿ ನಮ್ಮನ್ನ 42-27ಕ್ಕೆ ಬಡಿದು, ಕೆಲವರು ಮೂರನೇ ಬೇಸಲ್ಲಿ ನಿಂತ್ಕೊಂಡು ತಾವೇ ಟ್ರಿಪಲ್ ಹೊಡೆದ್ವಿ ಅಂದ್ಕೋತಾರೆ ಅಂತ ಕುಟುಕಿದ್ರು. ಬೇಸ್‌ಬಾಲ್ ಮಾತು ಅದು. ಯಾರೋ ಬಿತ್ತಿದ್ದನ್ನ ಕೊಯ್ದು ನನ್ ಬೆಳೆ ಅಂತ ಮೀಸೆ ತಿರುವೋದು ಅಂತ ಇಟ್ಕೊಳಿ. ಹೆಸರು ಹೇಳ್ಲಿಲ್ಲ, ಆದ್ರೆ ಕಟ್ಟಿದ್ ಮನೇಗೆ ಬಂದ ಡೇಗೆ ಹೇಳಿದ್ದು ಅಂತ ನಮ್ಮ ತಾತನಿಗೂ ಗೊತ್ತಾಯ್ತು. ಚೆನ್ನಾಗಿತ್ತು, ನಾನೂ ನಕ್ಕೆ, ತಾತನ ಎದುರಿಗಲ್ಲ.

ಹುಡುಗ್ರನ್ನ ಕಾಯೋದು ಮುಖ್ಯ ಅಂದೆ ಅಲ್ವಾ, ಅದರಲ್ಲೂ ಒಂದು ತೊಡಕಿದೆ. 2007ರ ಸೆಪ್ಟೆಂಬರ್, ಓಕ್ಲಹೋಮ ಸ್ಟೇಟ್ ಕೋಚ್ ಮೈಕ್ ಗಂಡಿ. ಟೆಕ್ಸಾಸ್ ಟೆಕ್ ಮೇಲೆ 49-45ಕ್ಕೆ ಗೆದ್ದಿದಾರೆ, ಆದ್ರೆ ಪ್ರೆಸ್ ಮುಂದೆ ಬಂದು ಪೇಪರ್ ಎತ್ತಿ ತೋರಿಸಿ ಕೂಗಾಡಿದ್ರು. ಅವರ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋ ಹುಡುಗ, ಬಾಬಿ ರೀಡ್ ಬಗ್ಗೆ ಒಬ್ಬ ಅಂಕಣಗಾರ್ತಿ ಬರೆದಿದ್ರು, ಅಮ್ಮ ಅವನಿಗೆ ಚಿಕನ್ ತಿನ್ನಿಸ್ತಿದ್ರು ಅನ್ನೋದೂ ಅದರಲ್ಲಿತ್ತು, ಅಂದ್ರೆ ಹುಡುಗ ಮೆತ್ತಗೆ ಅಂತ ಸೂಚನೆ. ಬೇಕಿದ್ರೆ ನನ್ನ ಬೈರಿ, ನಾನು ಗಂಡಸು, ನನಗೆ 40 ವರ್ಷ ಅಂತ ಗಂಡಿ ಅಬ್ಬರಿಸಿದ್ದು ಇವತ್ತಿಗೂ ಟೀಶರ್ಟ್ ಮೇಲೆ ಸಿಗುತ್ತೆ. ಮೊದಲ ಸಲ ನೋಡಿದಾಗ ನಾನೂ ಚಪ್ಪಾಳೆ ಹೊಡೆದೋನೇ. ಆಮೇಲೆ ಗೊತ್ತಾಗಿದ್ದು, ಆ ಕೂಗಾಟದಿಂದ ತನಗೇ ಹೊಡೆತ ಬಿತ್ತು ಅಂತ ಎಷ್ಟೋ ವರ್ಷ ಬಿಟ್ಟು ರೀಡೇ ಹೇಳ್ಕೊಂಡ್ರು. ಒಂದು ಊರಿನ ಪೇಪರ್ ಓದೋರಿಗೆ ಮಾತ್ರ ಗೊತ್ತಿದ್ದ ವಿಷಯ ದೇಶಕ್ಕೆಲ್ಲ ಹಬ್ಬಿತು. ಕಾಯೋಕೆ ಹೋದೋರೇ ಡಂಗುರ ಹೊಡೆದ ಹಾಗಾಯ್ತು.

ನಮ್ಮೋರಲ್ಲಿ ಇದಕ್ಕೆ ಕುಂಬ್ಳೆ ನೆನಪಾಗ್ತಾರೆ. 2008ರ ಜನವರಿ, ಸಿಡ್ನಿ ಟೆಸ್ಟ್, ಅಂಪೈರಿಂಗ್ ಗಲಾಟೆ, ಹರ್ಭಜನ್ ಗಲಾಟೆ ಎಲ್ಲ ಸೇರಿ ಊರೆಲ್ಲ ಹೊತ್ತಿ ಉರೀತಿತ್ತು. ಸೋತ ಕ್ಯಾಪ್ಟನ್ ಬಂದು ಆಟದ ಸ್ಪಿರಿಟ್‌ಗೆ ತಕ್ಕ ಹಾಗೆ ಆಡಿದ್ದು ಒಂದೇ ಟೀಮ್ ಅಂದ್ರು. ಬೈಗುಳ ಇಲ್ಲ, ಗಂಟಲು ಏರ್ಲಿಲ್ಲ, ಇಂಜಿನಿಯರ್ ಲೆಕ್ಕ ಬರೆದ ಹಾಗೆ. ಅದು ತಾಗ್ಬೇಕಾದಲ್ಲಿ ತಾಗಿತು, ತನ್ನ ಹುಡುಗ್ರ ಮೇಲೆ ಒಂದು ಕಿಡೀನೂ ಬೀಳ್ಲಿಲ್ಲ.

ಇಷ್ಟೆಲ್ಲ ಯಾಕೆ ತಲೆಗೆ ಹಚ್ಕೊಂಡಿದೀನಿ ಅಂದ್ರೆ ನಮ್ಮ ಪಿಟಿ ಮೇಷ್ಟ್ರಿಂದ. ತಿಪಟೂರು ಕಡೆ, ಹೈಸ್ಕೂಲು, ತಾಲೂಕು ಮಟ್ಟದ ವಾಲಿಬಾಲ್ ಫೈನಲ್. ಕೊನೇ ಪಾಯಿಂಟ್‌ಗೆ ನನ್ ದೋಸ್ತ್ ಹೊಡೆದ ಸರ್ವ್ ನೆಟ್‌ಗೆ ಬಿತ್ತು. ನಾನೂ ಆ ಸೆಟ್‌ನಲ್ಲಿ ಮೂರು ಪಾಯಿಂಟ್ ಕಳೆದಿದ್ದೆ, ಅದು ಯಾರಿಗೂ ಕಾಣ್ಲಿಲ್ಲ. ಟೆಂಪೋ ಹತ್ತೋ ಮುಂಚೆ ಎಲ್ರನ್ನೂ ನಿಲ್ಲಿಸಿ, ಎದುರು ಟೀಮಿನ ಹುಡುಗ್ರೂ ನೋಡ್ತಾ ಇದ್ರು, ಮೇಷ್ಟ್ರು "ಇವನೊಬ್ಬನಿಂದ ಸೋತ್ವಿ ಕಣ್ರೋ, ಇವನಿಗೆ ಹಾಕಿದ ಅನ್ನ ದಂಡ" ಅಂದ್ರು. ವಾಪಸ್ ಬರೋವಾಗ ಅವನು ಟೆಂಪೋ ಹಿಂದ್ಗಡೆ ಒಬ್ನೇ ಕೂತಿದ್ದ, ಕೈಯಲ್ಲಿ ಚಿತ್ರಾನ್ನದ ಪೊಟ್ಟಣ ಬಿಚ್ಚದೆ ಹಾಗೇ ಇತ್ತು, ಎಣ್ಣೆ ಪೇಪರ್‌ಗೆಲ್ಲ ಹತ್ತಿತ್ತು. ಆಮೇಲೆ ಅವನು ವಾಲಿಬಾಲ್ ಮುಟ್ಟಲೇ ಇಲ್ಲ. ನಾನು "ನಂದೂ ಮೂರು ಹೋಯ್ತು ಸರ್" ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ.

2022ರ ಜನವರಿ 10. ಇಂಡಿಯಾನಾಪೊಲಿಸ್, ನ್ಯಾಷನಲ್ ಚಾಂಪಿಯನ್‌ಶಿಪ್, ಅಲಬಾಮಾ 33-18ಕ್ಕೆ ಜಾರ್ಜಿಯಾ ಎದುರು ಸೋತಿದೆ. ಪ್ರೆಸ್ ಮೀಟ್‌ನಲ್ಲಿ ಅಲಬಾಮಾದ ಆಗಿನ ಕೋಚ್ ನಿಕ್ ಸಾಬನ್, ಜೊತೇಲಿ ಟೀಮಿನ ಹುಡುಗ್ರು ಬ್ರೈಸ್ ಯಂಗ್, ವಿಲ್ ಆಂಡರ್ಸನ್. ಸಾಬನ್ ಅಂದ್ರೆ ಸಿಡುಕು ಮೋರೆ, ರಿಪೋರ್ಟರ್‌ಗಳ ಮೇಲೆ ಹರಿಹಾಯೋದ್ರಲ್ಲಿ ಹೆಸರುವಾಸಿ. ಹುಡುಗ್ರನ್ನ ಕಳಿಸೋ ಹೊತ್ತಿಗೆ ಸಾಬನ್ ತಡೆದು, ಇವರಿಬ್ರ ಬಗ್ಗೆ ನಾನೊಂದು ಮಾತು ಹೇಳ್ಬಹುದಾ ಅಂತ ಕೇಳಿ, ಇವತ್ತಿನ ಒಂದು ಆಟದಿಂದ ಇವರನ್ನ ಅಳೀಬೇಡಿ, ಇವರಿಲ್ದೆ ಇದ್ರೆ ನಾವು ಇಲ್ಲೀವರೆಗೆ ಬರ್ತಾನೇ ಇರ್ಲಿಲ್ಲ ಅಂದ್ರು. ಯಾರೂ ಕೇಳಿರ್ಲಿಲ್ಲ ಆ ಪ್ರಶ್ನೆ.

ಆ ಕ್ಲಿಪ್‌ನ ಮೊನ್ನೆ ಆ ದೋಸ್ತ್‌ಗೆ ವಾಟ್ಸಾಪ್‌ನಲ್ಲಿ ಕಳಿಸ್ದೆ, ಏನೂ ಬರೀದೆ. ಈಗ ಅವನು ಕೊಬ್ಬರಿ ವ್ಯಾಪಾರ ಮಾಡ್ಕೊಂಡಿದಾನೆ. ಬ್ಲೂ ಟಿಕ್ ಬಂತು, ಒಂದು ಗಂಟೆ ಸುದ್ದಿ ಇಲ್ಲ. ಆಮೇಲೆ ಬಂತು: "ಇವರ ಇಂಗ್ಲಿಷ್ ಅರ್ಧಕ್ಕರ್ಧ ತಿಳೀಲಿಲ್ಲ ಕಣೋ. ಆ ಹುಡುಗ್ರ ಮುಖ ನೋಡೋಕೆ ಮೂರು ಸಲ ಹಾಕ್ಕೊಂಡೆ."