ಆಸ್ರಿಗೆ ಎಂತಾ ಮಾಡನ?

ಮೆಟ್ಟುಗತ್ತಿ ಮುಂದೆ ಕೂತರೆ ಊರ ಸುದ್ದಿಯೆಲ್ಲ ಹೇಳುತ್ತಲೇ ರಾಶಿ ಅಡಿಕೆ ಸುಲಿದು ಮುಗಿಸುವ ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಫೋನಿನಲ್ಲಿ ಒಂದು ಸಾಲು ಟೈಪ್ ಮಾಡಲು ಅರ್ಧ ಗಂಟೆ ಬೇಕು. ನೋಡಲಾರದೆ ನಾನೇ ಹೇಳಿಕೊಟ್ಟೆ. ಮೈಕಿನ ಚಿತ್ರ ಒತ್ತು, ಮಾತಾಡು, ಅದೇ ಬರೆದುಕೊಳ್ಳುತ್ತದೆ ಅಂತ. ತಪ್ಪು ನನ್ನದೇ.

ಫೋನಿಗೆ ಬರುವುದು ಪುಸ್ತಕದ ಕನ್ನಡ. ಆಯಿಗೆ ಬರುವುದು ಶಿರಸಿ ಸೀಮೆಯ ಹವ್ಯಕ ಕನ್ನಡ. ನಮ್ಮಲ್ಲಿ ಚಿಕ್ಕಮ್ಮ ಬಂದಳು ಅನ್ನುವುದಿಲ್ಲ, ಚಿಕ್ಕಮ್ಮ 'ಬಂತು'. "ಸಾಗರದಿಂದ ಬಂತು, ನಾಕು ದಿನ ಇರ್ತು" ಅಂತ ಆಯಿ ಕಳಿಸಿದ ಮೊದಲ ಸಂದೇಶಕ್ಕೇ ಅಮೆರಿಕದ ಮೊಮ್ಮಗ "ಯಾವ ಪಾರ್ಸೆಲ್, ಅಮ್ಮಮ್ಮ?" ಅಂತ ಕೇಳಿದ್ದ. ಬಂದದ್ದು ಅವನ ಅಮ್ಮನ ಚಿಕ್ಕಮ್ಮ. ಆಗಲೇ ಹುಷಾರಾಗಬೇಕಿತ್ತು.

ಮೊನ್ನೆ ಕುಮಟಾದಿಂದ ಭಾವ ಬರುವ ಸುದ್ದಿ. ಮನೆಯ ಗ್ರೂಪಿಗೆ ಆಯಿ ಹೇಳಿದ್ದು ಇಷ್ಟೇ: "ಅಳಿಯ ನಾಳೆ ಬತ್ತ. ಆಸ್ರಿಗೆ ಎಂತಾ ಮಾಡನ?" ಆಸ್ರಿಗೆ ಅಂದರೆ ಬಂದವರ ಬಾಯಾರಿಕೆಗೆ ಕೊಡುವುದು. ಕಷಾಯ, ಮಜ್ಜಿಗೆ, ಚಾ, ಹೀಗೆ. ಫೋನು ಬರೆದದ್ದು: "ಅಳಿಯ ನಾಳೆ ಬರ್ತಾನೆ. ಆಸ್ತಿಗೆ ಏನು ಮಾಡೋಣ?"

ಕನ್ನಡಕ ಹಾಕದೆ ಕಳಿಸಿದ ಆಯಿ ಕೊಟ್ಟಿಗೆಗೆ ಹೋದಳು.

ಬೆಂಗಳೂರಿನ ವಕೀಲ ಚಿಕ್ಕಪ್ಪ ಮೊದಲು ಎದ್ದ. "2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪ್ರಕಾರ ಮಗಳಿಗೂ ಮಗನಷ್ಟೇ ಪಾಲು." ಕಾನೂನು ಸರಿಯೇ. ಆದರೆ ಕೇಳಿದವರು ಯಾರು? ಹುಬ್ಬಳ್ಳಿ ಅತ್ತೆ ಬರೀ ಅಳುವ ಮುಖ ಹಾಕಿದಳು, ಮೂರು. ಅಣ್ಣ ನನಗೆ ಬೇರೆಯಾಗಿ ಫೋನ್ ಮಾಡಿ, ಸ್ವರ ತಗ್ಗಿಸಿ, "ಕೆಳಗಿನ ತೋಟ ಯಾರಿಗೆ?" ಅಂದ. ನನಗೂ ಆ ತೋಟದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು, ಸುಳ್ಳು ಯಾಕೆ ಹೇಳಲಿ. ವಿಷಯ ತಿಳಿದು ಗ್ರೂಪಿನಲ್ಲಿ ಸರಿಮಾಡಿ ಹಾಕೋಣ ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಹಿಂದೆಯೇ ನೆಟ್‌ವರ್ಕೂ.

ಏನೂ ಕೇಳದವನು ದೊಡ್ಡಪ್ಪ ಒಬ್ಬನೇ. ತೋಟದ ಆಚೆ ಅವನ ಮನೆ. ಮೊದಲೆಲ್ಲ ಆಯಿ ಅಂಗಳದ ತುದಿಗೆ ನಿಂತು ಒಂದು ಕೂಗು ಹಾಕುತ್ತಿದ್ದಳು. ನೆಂಟರು ಬಂದರೆ ಒಂದು ನಮೂನೆ, ದನ ತೋಟಕ್ಕೆ ನುಗ್ಗಿದರೆ ಇನ್ನೊಂದು ನಮೂನೆ. ಅಕ್ಷರವೇ ಇಲ್ಲದ ಕೂಗು. ಆದರೂ ದೊಡ್ಡಪ್ಪ ಒಮ್ಮೆಯೂ ದನಕ್ಕೆ ಹಾಲು, ನೆಂಟರಿಗೆ ಕೋಲು ತಂದದ್ದಿಲ್ಲ. ಮರುದಿನ ಬೆಳಿಗ್ಗೆ ಕಾಲುಸಂಕ ದಾಟಿ ಬಂದ. ಕೈಯಲ್ಲಿ ಒಂದು ತಂಬಿಗೆ ಹಾಲು.

"ನಿನ್ನ ಆಯಿ ಆಸ್ತಿ ಸುದ್ದಿ ಯಾವತ್ತು ತೆಗದ್ದು? ಅದು ಆಸ್ರಿಗೆ ಹೇಳಿ ಗೊತ್ತಾತು."

ಭಾವನಿಗೆ ಗೊತ್ತಾಗಿರಲಿಲ್ಲ. ಅವನೂ ಗ್ರೂಪಿನಲ್ಲಿ ಇದ್ದಾನಲ್ಲ! ದೇವಿಮನೆ ಘಟ್ಟ ಹತ್ತುವಷ್ಟೂ ಹೊತ್ತು ಅದನ್ನೇ ಯೋಚಿಸುತ್ತ ಬಂದಿದ್ದನಂತೆ. ಜಗುಲಿಯ ಅಂಚಿನಲ್ಲಿ ಅರ್ಧ ಕೂತ. ಆಯಿ ಬೆಲ್ಲ, ನೀರು ಮುಂದಿಟ್ಟು ಕೇಳಿದಳು, "ಆಸ್ರಿಗೆ ಎಂತಾ ಅಡ್ಡಿಲ್ಲೆ?"

ಭಾವ ಬೆಚ್ಚಿದ. "ಎಂತೂ ಬ್ಯಾಡ ಅತ್ತೆ. ಬೇಕಾದ್ರೆ ನಾನೇ ಬರ್ದು ಕೊಡ್ತಿ."

ಆಯಿ ನನ್ನ ಮುಖ ನೋಡಿದಳು. "ಕಷಾಯ ಬ್ಯಾಡ ಹೇಳಲೆ ಎಂತಕ್ಕೆ ಬರ್ದು ಕೊಡವು?"