ಬೆಳ್ಳಿಯ ಫಿಟ್ಸ್ ಮತ್ತು ನಮ್ಮ ಮನೆಯ ಬೀಗದ ಕೈ ಗೊಂಚಲು

ಎರಡು ವಾರದಲ್ಲಿ ಮೂರು ಜನ ಮೆಸೇಜ್ ಮಾಡಿ ಒಂದೇ ಪ್ರಶ್ನೆ ಕೇಳಿದ್ದಾರೆ. ನಮ್ಮ ಬೆಕ್ಕು ಯಾವಾಗಲೋ ಒಮ್ಮೆ ಸೆಟೆದುಕೊಂಡು ಬೀಳುತ್ತೆ, ಆಮೇಲೆ ಏನೂ ಆಗದ ಹಾಗೆ ಎದ್ದು ಹೋಗುತ್ತೆ, ಏನಿರಬಹುದು ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ. ಒಂದೂವರೆ ವರ್ಷದಿಂದ ಇದೇ ತೊಂದರೆಯ ಬೆಕ್ಕನ್ನು ನೋಡಿಕೊಳ್ಳುತ್ತಿರುವವಳು, ಅಷ್ಟೇ.

ನಮ್ಮ ಬೆಕ್ಕು ಬೆಳ್ಳಿಗೆ ಮೊದಲ ಸಲ ಫಿಟ್ಸ್ ಬಂದಾಗ 14 ತುಂಬಿತ್ತು. ಬೆಳಿಗ್ಗೆ ಕಾಫಿ ಹೊತ್ತು. ಅಡುಗೆಮನೆ ಹೊಸ್ತಿಲ ಹತ್ತಿರ ಕೂತು ತನ್ನ ಊಟಕ್ಕೆ ಕಾಯುತ್ತಿದ್ದಳು. ಮೈ ಒಂದು ಸಲ ಅದುರಿತು, ಬಿಕ್ಕಳಿಕೆ ಬಂದ ಹಾಗೆ. ಇನ್ನೊಂದು ಸಲ. ಆಮೇಲೆ ಪಕ್ಕಕ್ಕೆ ಉರುಳಿ ಬಿದ್ದಳು. ನಾಲ್ಕೂ ಕಾಲು ಕಟ್ಟಿಗೆಯ ಹಾಗೆ ಬಿಗಿದುಕೊಂಡವು, ಪಾಪೆ ಅಗಲವಾಗಿ ಕಣ್ಣೆಲ್ಲ ಕಪ್ಪಾಯಿತು, ಬಾಯಲ್ಲಿ ನೊರೆ ಬಂತು, ಬಿದ್ದಲ್ಲೇ ಓಡುವವಳ ಹಾಗೆ ಕಾಲು ಬಡಿಯುತ್ತಿದ್ದಳು. ಉಚ್ಚೆ ಹೋಗಿ ನೆಲವೆಲ್ಲ ಒದ್ದೆ. ನಮ್ಮತ್ತೆ ಓಡಿ ಬಂದು ಬೀರುವಿನ ಬೀಗದ ಕೈ ಗೊಂಚಲು ತಂದು ಅವಳ ಪಂಜದ ಹತ್ತಿರ ಅಲ್ಲಾಡಿಸಿ ಇಟ್ಟರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುತ್ತಾರಲ್ಲ, ಆ ನಂಬಿಕೆ. ಪಾಪ, ಅವರ ಕೈಯೂ ನಡುಗುತ್ತಿತ್ತು.

ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ನಿಂತಿತು. ಆಮೇಲಿನ ಅರ್ಧ ಗಂಟೆ ಬೆಳ್ಳಿಗೆ ನಮ್ಮ ಗುರುತೇ ಇರಲಿಲ್ಲ. ಗೋಡೆಗೆ ಮೈ ಒತ್ತಿಕೊಂಡು ಮನೆಯನ್ನೆಲ್ಲ ಸುತ್ತಿದಳು. ಮಧ್ಯಾಹ್ನ ಎಂದಿನ ಹಾಗೆ ತಿಂದು ಕಿಟಕಿ ಹತ್ತಿದಳು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ಅವಳನ್ನು ಬುಟ್ಟಿಯಿಂದ ಹೊರಗೂ ತೆಗೆಯಲಿಲ್ಲ. ವಯಸ್ಸಾಯಿತಲ್ಲ, ಹೀಗೆಲ್ಲ ಆಗುತ್ತೆ, ಜಾಸ್ತಿ ಆದರೆ ನೋಡೋಣ ಅಂದರು. ಇನ್ನೊಬ್ಬರು, ಬೆಕ್ಕಿಗೆ ಇಷ್ಟು ಖರ್ಚು ಯಾಕೆ ಮಾಡ್ತೀರಿ ಅಂದರು. ಆ ಮಾತು ನನಗೆ ಇವತ್ತಿಗೂ ನೋವಾಗುತ್ತದೆ. 14 ವರ್ಷ ನನ್ನ ಕಾಲ ಬಳಿ ಮಲಗಿದ ಜೀವ ಅದು. ವಯಸ್ಸು ಒಂದು ಕಾಯಿಲೆ ಅಲ್ಲ. ವಯಸ್ಸಾದ ಬೆಕ್ಕಿಗೆ ಫಿಟ್ಸ್ ಹೊಸದಾಗಿ ಶುರುವಾದರೆ ಕಾರಣ ಹುಡುಕಲೇಬೇಕು.

ಮೂರನೆಯ ಡಾಕ್ಟರು ಹುಡುಕಿದರು. ರಕ್ತದಲ್ಲಿ ಸಕ್ಕರೆ ಕಡಿಮೆಯಾದರೂ ಫಿಟ್ಸ್ ಬರುತ್ತದಂತೆ, ಲಿವರ್ ಅಥವಾ ಕಿಡ್ನಿ ಕೆಟ್ಟರೂ ಬರುತ್ತದೆ, ಬಿಪಿ ಜಾಸ್ತಿಯಾದರೂ ಬರುತ್ತದೆ. ಮುದಿ ಬೆಕ್ಕುಗಳಲ್ಲಿ ಥೈರಾಯ್ಡ್ ಜಾಸ್ತಿಯಾಗಿ ಅದರಿಂದ ಬಿಪಿ ಏರುವುದೂ ಉಂಟು. ಮರಿಗಳಿಗೆ ಹಾಲುಣಿಸುವ ತಾಯಿ ಬೆಕ್ಕಾದರೆ ಕ್ಯಾಲ್ಸಿಯಂ ಇಳಿದು ಮೈಯೆಲ್ಲ ಸೆಳೆತ ಬರುತ್ತದೆ. ಬರೀ ಹಸಿ ಮೀನು ತಿನ್ನಿಸುವ ಮನೆಗಳಲ್ಲಿ ಬಿ1 ವಿಟಮಿನ್ ಕೊರತೆಯಾಗುವುದುಂಟು, ಕೆಲವು ಮೀನುಗಳು ಆ ವಿಟಮಿನ್ನನ್ನೇ ಹಾಳು ಮಾಡುತ್ತವೆ. ಕರಾವಳಿಯ ಗೆಳತಿಯರು ಮೀನು ಬೇಯಿಸಿ ಕೊಡಿ ದಯವಿಟ್ಟು. ಮತ್ತೆ ಡಾಕ್ಟರು ಎರಡೆರಡು ಸಲ ಕೇಳಿದ್ದು, ನಾಯಿಗೆ ಹಾಕುವ ಉಣ್ಣಿ ಔಷಧಿ ಏನಾದರೂ ಹಾಕಿದ್ರಾ ಅಂತ. ನಾಯಿಯ ಕುತ್ತಿಗೆ ಮೇಲೆ ಬಿಡುವ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಆಗಲ್ಲ. ಬೆಕ್ಕಿನ ಲಿವರಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ, ನಡುಕ ಹುಟ್ಟಿ ಫಿಟ್ಸ್ ಬಂದು ಸತ್ತೇ ಹೋಗಬಹುದು. ಇದು ಒಗಟೇ ಅಲ್ಲ, ಆದರೂ ನಮ್ಮಲ್ಲಿ ಪದೇ ಪದೇ ಆಗುತ್ತದೆ. ಬೆಕ್ಕು ಸಣ್ಣ ನಾಯಿ ಅಲ್ಲ. ನಮ್ಮ ಮನೆಯ ಮಾತ್ರೆಯೂ ಅದಕ್ಕಲ್ಲ. ಒಂದು ಪ್ಯಾರಾಸಿಟಮಾಲ್ ಸಾಕು ಬೆಕ್ಕನ್ನು ಕೊಲ್ಲಲು.

ಬೆಳ್ಳಿಯ ರಿಪೋರ್ಟ್ ಎಲ್ಲ ಸರಿ ಇತ್ತು. ಹಾಗಾದರೆ ಏನು? ಡಾಕ್ಟರು ಹೇಳಿದರು, ನನ್ನ ಮುಂದೆ ಅವಳಿಗೆ ಫಿಟ್ಸ್ ಬರೋದಿಲ್ಲಮ್ಮ, ನಿಮ್ಮ ಮನೇಲಿ ಬರುತ್ತೆ, ನೀವೇ ನೋಡಬೇಕು, ವಿಡಿಯೊ ಮಾಡಿ, ಆ ಹೊತ್ತಿಗೆ ಮನೇಲಿ ಯಾರು ಏನು ಮಾಡ್ತಿದ್ರು ಅದನ್ನೂ ಬರೆದಿಡಿ.

ಹಾಲಿನ ಲೆಕ್ಕ ಹಾಕುವ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಯತೊಡಗಿದೆ. "6.40, ಹೊಸ್ತಿಲು, 1 ನಿಮಿಷ, ಪಾತ್ರೆ ಜೋಡಿಸುತ್ತಿದ್ದೆ." "ಸಂಜೆ, ಸೋಫಾ, ಬರೀ ಅದುರಿದಳು, ಬಿಸ್ಕತ್ ಪ್ಯಾಕೆಟ್." "ತರಕಾರಿಯವನಿಗೆ ಚಿಲ್ಲರೆ ಎಣಿಸುವಾಗ." ನಾಲ್ಕು ತಿಂಗಳಲ್ಲಿ ಏಳು ಸಲ. ಬರೆದೆನೇ ಹೊರತು ಕಣ್ಣಿಗೆ ಏನೂ ಹೊಳೆಯಲಿಲ್ಲ. ಯಾಕೆಂದರೆ ಬೆಳ್ಳಿಗೆ ಕಿವಿ ಕೇಳುವುದಿಲ್ಲ ಅಂತಲೇ ನಾವೆಲ್ಲ ತಿಳಿದಿದ್ದೆವು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಮಿಕ್ಸಿ ಹಾಕಿದರೂ ನಿದ್ದೆ ಮಾಡುತ್ತಿದ್ದಳು.

ಒಂದು ಭಾನುವಾರ ಮಗಳು ಹಳೆಯ ವಿಡಿಯೊ ಹಾಕಿ ನೋಡುತ್ತಿದ್ದಳು. ಅದರಲ್ಲಿ ಅತ್ತೆ ಮತ್ತೆ ಬೀಗದ ಕೈ ತರುತ್ತಾರೆ. ಫೋನಿನಲ್ಲಿ ಆ ಗೊಂಚಲು ಝಣ್ ಅಂದಿದ್ದೇ ತಡ, ಮಗಳ ತೊಡೆ ಮೇಲೆ ಮಲಗಿದ್ದ ಬೆಳ್ಳಿ ಸಟ್ಟನೆ ಅದುರಿದಳು. ಮಗಳು ನನ್ನ ಮುಖ ನೋಡಿದಳು. ಇನ್ನೊಂದು ಸಲ ಹಾಕಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಎದ್ದು ಹೋಗಿ ಕ್ಯಾಲೆಂಡರ್ ಓದಿದೆ. ಸ್ಟೀಲ್ ಲೋಟ, ಪ್ಲಾಸ್ಟಿಕ್ ಕವರ್, ಚಿಲ್ಲರೆ ಕಾಸು, ಚಮಚ, ಬೀಗದ ಕೈ. ಎಲ್ಲವೂ ಕಿಣಿಕಿಣಿ, ಪರಪರ ಸದ್ದು.

ಡಾಕ್ಟರಿಗೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಇದಕ್ಕೊಂದು ಹೆಸರೇ ಇದೆಯಂತೆ, ಸದ್ದಿನಿಂದ ಬರುವ ಫಿಟ್ಸ್. 2015ರಲ್ಲಿ ಇಂಗ್ಲೆಂಡಿನ ಪಶುವೈದ್ಯರು ಇಂಥ 96 ಬೆಕ್ಕುಗಳ ವಿವರ ಕಲೆಹಾಕಿ ಪ್ರಕಟಿಸಿದ್ದಾರೆ. ಎಲ್ಲವೂ ವಯಸ್ಸಾದವು, ಹೆಚ್ಚಿನವಕ್ಕೆ ಶುರುವಾಗಿದ್ದು 15ರ ಆಸುಪಾಸಿನಲ್ಲಿ. ಅಲ್ಲಿನ ಪಟ್ಟಿ ಓದಿ ನನಗೆ ಮೈ ಜುಮ್ಮೆಂದಿತು. ಅಲ್ಯೂಮಿನಿಯಂ ಫಾಯಿಲ್ ಮುದುರುವ ಸದ್ದು, ಪಿಂಗಾಣಿ ಬಟ್ಟಲಿಗೆ ಚಮಚ ಬೀಳುವ ಸದ್ದು, ಗಾಜು ತಾಗುವ ಸದ್ದು, ಕಾಸು, ಬೀಗದ ಕೈ, ಕಂಪ್ಯೂಟರ್ ಕೀಬೋರ್ಡ್ ಕೂಡ. ಆ ಬೆಕ್ಕುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಿವಿ ಮಂದ ಅಂತ ಮನೆಯವರು ಹೇಳಿದ್ದರಂತೆ. ಸದ್ದು ಎಷ್ಟು ಕೀಚಲು ಅನ್ನೋದನ್ನು ಹರ್ಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ; ನಮ್ಮ ಕಿವಿಗೆ 20,000 ಹರ್ಟ್ಸ್ ಮೇಲೆ ಏನೂ ಕೇಳಿಸದು, ಬೆಕ್ಕಿಗೆ 60,000 ದಾಟಿದರೂ ಕೇಳುತ್ತದೆ. ನಾವು ಕರೆದಿದ್ದು ಕೇಳದ ಕಿವಿಗೆ ಚಮಚದ ಕೀಚಲು ಕಿಣಿ ಕೇಳುತ್ತಿತ್ತು.

ಅತ್ತೆಗೆ ಇದನ್ನು ಹೇಗೆ ಹೇಳುವುದು ಅನ್ನೋದೇ ನನಗೆ ಕಷ್ಟವಾಗಿತ್ತು. ಅವಳು ಬದುಕಲಿ ಅಂತ ತಂದ ಬೀಗದ ಕೈ ಅದು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಹಳೆಯ ಬ್ಲೌಸ್ ಪೀಸಿನಲ್ಲಿ ಗೊಂಚಲು ಸುತ್ತಿಟ್ಟರು. ಇವತ್ತಿಗೂ ಬೀರು ತೆಗೆಯುವಾಗ ಬೆಳ್ಳಿ ಎಲ್ಲಿದ್ದಾಳೆ ಅಂತ ನೋಡಿಯೇ ಬಿಚ್ಚುತ್ತಾರೆ.

ಪಾತ್ರೆ ಸ್ಟ್ಯಾಂಡಿಗೆ ಬಟ್ಟೆ ಹಾಸಿದ್ದೇವೆ. ಬೆಳ್ಳಿಯ ಊಟ ಪ್ಲಾಸ್ಟಿಕ್ ತಟ್ಟೆಯಲ್ಲಿ, ಮರದ ಚಮಚದಲ್ಲಿ. ಸ್ಟೀಲಿಲ್ಲದ ಅಡುಗೆಮನೆ ನಮ್ಮಲ್ಲಿ ಸಾಧ್ಯವಿಲ್ಲ, ಪೂರ್ತಿ ಸದ್ದು ನಿಲ್ಲಿಸಲಾಗದು, ಹಾಗಾಗಿ ಮಾತ್ರೆಯೂ ಇದೆ. ಬೆಕ್ಕಿನ ಫಿಟ್ಸಿಗೆ ಸಾಮಾನ್ಯವಾಗಿ ಕೊಡುವುದು ಫಿನೋಬಾರ್ಬಿಟಾಲ್, ಆದರೆ ಈ ಬಗೆಗೆ ಲೆವೆಟಿರಾಸಿಟಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಎಂಟು ಗಂಟೆಗೊಮ್ಮೆ. ರಾತ್ರಿಯದಕ್ಕೆ ನಮ್ಮ ಮನೆಯವರು ಅಲಾರಂ ಇಟ್ಟುಕೊಂಡು ಏಳುತ್ತಾರೆ. ಡೋಸು ಡಾಕ್ಟರೇ ಹೇಳಬೇಕು, ನನ್ನನ್ನು ಕೇಳಬೇಡಿ. ಗುಣವಾಯಿತು ಅಂತ ತಟ್ಟನೆ ನಿಲ್ಲಿಸಲೂಬೇಡಿ, ಇನ್ನೂ ಜೋರಾಗಿ ಬರುತ್ತದೆ. ಕಳೆದ ಮೂರು ತಿಂಗಳಲ್ಲಿ ಕೆಂಪು ಪೆನ್ನು ಒಂದೇ ಸಲ ಬೇಕಾಯಿತು, ಅದೂ ಬರೀ ಅದುರಿದ್ದು.

ನಿಮ್ಮ ಬೆಕ್ಕಿಗೂ ಇದೇ ಅಂತ ನಾನು ಹೇಳುತ್ತಿಲ್ಲ. ರಕ್ತಪರೀಕ್ಷೆ, ಬಿಪಿ ಮೊದಲು ಮಾಡಿಸಿ. ಆದರೆ ಕಾರಣವೇ ಇಲ್ಲ ಅಂತ ಕೈ ಚೆಲ್ಲುವ ಮೊದಲು ನಿಮ್ಮ ಮನೆಯನ್ನೊಮ್ಮೆ ಬೆಕ್ಕಿನ ಜಾಗದಲ್ಲಿ ಕೂತು ನೋಡಿ, ಕೇಳಿ. ಯಾವ ಸ್ಕ್ಯಾನಿನಲ್ಲೂ ನಮ್ಮ ಬೀಗದ ಕೈ ಕಾಣಿಸುತ್ತಿರಲಿಲ್ಲ.

ಫಿಟ್ಸ್ ಬಂದಾಗ ಬಾಯಿಗೆ ಕೈ ಹಾಕಬೇಡಿ, ನೀರು ಬಿಡಬೇಡಿ, ಗಟ್ಟಿಯಾಗಿ ಹಿಡಿಯಬೇಡಿ. ಸುತ್ತಲಿನ ಸಾಮಾನು ಸರಿಸಿ, ದೀಪ ಆರಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ಒಂದೇ ದಿನ ಎರಡನೆಯ ಸಲ ಬಂದರೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಹಿಂಗಾಲು ದಿಢೀರನೆ ಬಿದ್ದು ತಣ್ಣಗಾಗಿ, ಬೆಕ್ಕು ನೋವಿನಿಂದ ಕೂಗುತ್ತಿದ್ದರೆ ಅದು ಫಿಟ್ಸ್ ಅಲ್ಲ, ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೂ ತಡ ಮಾಡಬಾರದು. ಮತ್ತೆ ವಿಡಿಯೊ ಮಾಡುವಾಗ ಹಾಡು ಸೇರಿಸಿ, ಮ್ಯೂಟ್ ಮಾಡಿ ಕಳಿಸಬೇಡಿ, ಡಾಕ್ಟರಿಗೆ ಆ ಹೊತ್ತಿನ ಸದ್ದು ಬೇಕು.