ಮೇಸ್ತ್ರಿಯ ಅಂಗೈ ಮತ್ತು ಆಯಿಲ್ ಕೂಲರ್

ನನ್ನ ಕಾರಿನ ಮುಂದಿನ ಬಂಪರ್ ಈ ಹೊತ್ತಿಗೂ ಗ್ಯಾರೇಜಿನ ಗೋಡೆಗೆ ಒರಗಿ ನಿಂತಿದೆ. ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಚಕ್ರ ಇರುವ ಇಪ್ಪತ್ತು ವರ್ಷ ಹಳೆಯ ಪೆಟ್ರೋಲ್ ಕಾರಿನ ಎಂಜಿನ್ ಬಿಚ್ಚಿಸಿ, ಬೋರ್ ಮಾಡಿಸಿ, ಬೇರಿಂಗು ಬದಲಿಸಿ, ಎಲ್ಲವೂ ಮುಗಿಯಿತು ಎನ್ನುವಾಗ ನಾನು ಕೆಲಸದ ಮೇಲೆ ಹುಬ್ಬಳ್ಳಿಗೆ ಹೋದೆ. ಆ ಒಂದು ಹಗಲಿನಲ್ಲಿ ನನ್ನ ಭಾವನೂ ಮೇಸ್ತ್ರಿಯೂ ಸೇರಿ ಎಲ್ಲಿಂದಲೋ ಎಂಜಿನ್ ಆಯಿಲನ್ನು ಗಾಳಿಗೊಡ್ಡಿ ತಂಪಾಗಿಸುವ 25 ಸಾಲಿನ ಆಯಿಲ್ ಕೂಲರೊಂದನ್ನು ತರಿಸಿ, ಬಂಪರಿನ ಬ್ರಾಕೆಟ್ ಕೊಯ್ದು, ರೇಡಿಯೇಟರಿನ ಎದುರಿಗೆ ಅದನ್ನು ಬಿಗಿದು ಕೂರಿಸಿಬಿಟ್ಟಿದ್ದರು. ಪಿಸ್ಟನ್ ರಿಂಗಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಏಕೆಂದರೆ ಅದು ಒಳಗಿರುವಂಥದ್ದು. ಕೂಲರ್ ಕಣ್ಣಿಗೆ ಬೀಳುವ ವಸ್ತುವಾದ್ದರಿಂದ ಅದರ ವಿಷಯದಲ್ಲಿ ಚಹಾ ತಂದ ಹುಡುಗನಿಗೂ ಒಂದು ಅಭಿಪ್ರಾಯವಿರುತ್ತದೆ.

ಈ ಕಾರಿಗೆ ಕಂಪನಿಯವರು ಕೂಲರ್ ಕೊಟ್ಟಿರಲಿಲ್ಲವೆಂದಲ್ಲ. ಆಯಿಲ್ ಫಿಲ್ಟರಿನ ನೆತ್ತಿಯ ಮೇಲೆ ಮುಷ್ಟಿಯಷ್ಟು ಗಾತ್ರದ ಡಬ್ಬಿಯೊಂದಿದೆ. ಅದರೊಳಗೆ ಒಂದು ಪದರದಲ್ಲಿ ಆಯಿಲ್, ಮತ್ತೊಂದರಲ್ಲಿ ರೇಡಿಯೇಟರಿನ ನೀರು ಹರಿಯುತ್ತದೆ. ಬೆಳಿಗ್ಗೆ ಬೇಗ ಬಿಸಿಯಾಗುವ ನೀರು ಆಯಿಲನ್ನು ಬಿಸಿ ಮಾಡುತ್ತದೆ, ಮುಂದೆ ಆಯಿಲ್ ಅತಿಯಾಗಿ ಕಾದಾಗ ಅದೇ ನೀರು ಶಾಖವನ್ನು ಹೊತ್ತೊಯ್ಯುತ್ತದೆ. ನಮ್ಮ ರಸ್ತೆಗೆ ಇದಕ್ಕಿಂತ ತಕ್ಕದ್ದು ಬೇರೆ ಇಲ್ಲವೆಂಬುದು ನನ್ನ ವಾದ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ, ಮುಂದೊಂದು ಲಾರಿ ಸಿಕ್ಕಿ ಎರಡನೇ ಗೇರಿನಲ್ಲಿ ತೆವಳಬೇಕಾದಾಗಲೇ ಟರ್ಬೊಗೆ ಹೆಚ್ಚು ದುಡಿಮೆ. ಆಗ ಗಾಳಿಗೊಡ್ಡಿದ ಕೂಲರಿಗೆ ಗಾಳಿಯೇ ಇರುವುದಿಲ್ಲ. ಗಾಳಿ ಧಾರಾಳವಾಗಿ ಸಿಗುವುದು ಕೆಳಗೆ ಅಂಕೋಲಾ, ಕಾರವಾರದ ಹೆದ್ದಾರಿಯಲ್ಲಿ, ಅಂದರೆ ಎಂಜಿನ್ ಆರಾಮಾಗಿರುವ ಕಡೆ. ಅದಲ್ಲದೆ ರೇಡಿಯೇಟರ್, ಎಸಿ ಕಂಡೆನ್ಸರ್, ಇಂಟರ್‌ಕೂಲರ್‌ಗಳು ಈಗಾಗಲೇ ಒಂದೇ ಗಾಳಿಗಾಗಿ ಪೈಪೋಟಿ ನಡೆಸುತ್ತಿರುವಾಗ, ಅವುಗಳ ಎದುರಿಗೆ ಇನ್ನೊಂದು ಕಾದ ಜಾಲರಿಯನ್ನು ತಂದು ನಿಲ್ಲಿಸಿದರೆ ಹಿಂದಿನವಕ್ಕೆಲ್ಲ ಬಿಸಿ ಗಾಳಿಯೇ ಗತಿ.

ಇದನ್ನೆಲ್ಲ ಮೇಸ್ತ್ರಿಗೆ ವಿವರಿಸಲು ಹೋದಾಗ ಅವರು ತಮ್ಮ ಅಂಗೈಯನ್ನು ಮುಂದೆ ಚಾಚಿದರು. ಮೇಸ್ತ್ರಿಯ ಅಂಗೈಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಅವರು ಎಂಜಿನ್ನಿನ ಬಿಸಿಯನ್ನು ಅಳೆಯುವುದು ಅದರಿಂದಲೇ. ಕಾರಿನಡಿಗೆ ತೂರಿಕೊಂಡು ಆಯಿಲ್ ಚೇಂಬರಿನ ತಳಕ್ಕೆ ಕೈಯಿಟ್ಟು ಗಟ್ಟಿಯಾಗಿ ಎಣಿಸುತ್ತಾರೆ. ಒಂದು ಎನ್ನುವ ಮೊದಲೇ ಕೈ ಹಿಂದೆ ಬಂದರೆ ಬಿಸಿ ಹೆಚ್ಚಾಯಿತು, ಎರಡಕ್ಕೆ ಬಂದರೆ ಸರಿಯಾಗಿದೆ, ಮೂರು ದಾಟಿದರೆ ತಂಪಾಗಿದೆ. ಗ್ಯಾರೇಜಿನ ಹುಡುಗರು ಕೆಲಸ ನಿಲ್ಲಿಸಿ ಆ ಎಣಿಕೆಗೆ ಕಿವಿಗೊಡುತ್ತಾರೆ. ಹೊಸ ಕೂಲರಿನೊಂದಿಗೆ, ಬಂಪರ್ ಇಲ್ಲದ ಕಾರನ್ನು ಮಳೆಯಲ್ಲೇ ಬನವಾಸಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತಂದಾಗ ಎಣಿಕೆ ಐದರವರೆಗೂ ನಡೆಯಿತು. ಮೇಸ್ತ್ರಿ ಕಾರಿನಡಿಯಿಂದ ಹೊರಬಂದು, "ನೋಡಿ ಹೆಗಡೇರೆ, ಐದು!" ಎಂದು ಹುಡುಗರ ಕಡೆಗೊಮ್ಮೆ ನೋಡಿದರು. ನಾನು ಹಾಕಿಸಿದ್ದ ಆಯಿಲ್ ಬಿಸಿಯ ಮೀಟರು 62 ಡಿಗ್ರಿ ತೋರಿಸುತ್ತಿತ್ತು. ಅದು 90ರಿಂದ 110ರ ಒಳಗೆ ಇರಬೇಕಲ್ಲವೇ ಎಂದು ಕೇಳಿದ್ದಕ್ಕೆ, ಅವರು ಮೀಟರಿನ ಗಾಜಿನ ಮೇಲೆ ಅಂಗೈಯಿಟ್ಟು ಹತ್ತರವರೆಗೆ ಎಣಿಸಿ, "ಇದೇ ಬಿಸಿಯಾಗಲಿಲ್ಲ, ಇದಕ್ಕೆಂತ ಗೊತ್ತಾಗ್ತದೆ?" ಎಂದರು. ಪಕ್ಕದಲ್ಲಿದ್ದ ಭಾವ, "ತಂಪು ಹೆಚ್ಚಾದ್ರೆ ಅಡ್ಡಿಲ್ಲೆ ಮಾರಾಯ" ಎಂದು ತೀರ್ಪು ಕೊಟ್ಟ.

ಅಡ್ಡಿಯಿದೆ. ಎಂಜಿನ್ನಿನೊಳಗೆ ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಆಯಿಲಿಗೆ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಮಾತ್ರ ಆ ನೀರು ಆವಿಯಾಗಿ ಹೋಗುತ್ತದೆ. ಜೂನ್ ಹಿಡಿದು ಸೆಪ್ಟೆಂಬರಿನವರೆಗೆ ಮಳೆ ಸುರಿಯುವ ಶಿರಸಿಯಲ್ಲಿ, ಪೇಟೆಯೊಳಗೇ ಮಾರಿಗುಡಿಯಿಂದ ಐದು ರಸ್ತೆಯವರೆಗೆ ಓಡಾಡುವ ಕಾರಿಗೆ, ಬಿಸಿಯಾಗುವವರೆಗೆ ಆಯಿಲನ್ನು ತಡೆಯುವ ಥರ್ಮೊಸ್ಟಾಟ್ ಇಲ್ಲದ 25 ಸಾಲಿನ ಕೂಲರ್ ಕಟ್ಟಿದರೆ ಆಯಿಲ್ ಕಾಯುವ ಮಾತೇ ಇಲ್ಲ. ಕೆಲವೇ ದಿನಗಳಲ್ಲಿ ನಾನು ಆಯಿಲಿನ ಮುಚ್ಚಳ ತೆಗೆದಾಗ ಒಳಬದಿಗೆ ತಂಬುಳಿಯಂಥ ಬಿಳಿಚಿದ ಗಸಿ ಮೆತ್ತಿಕೊಂಡಿತ್ತು. ಗಾಳಿಯ ಕೂಲರೇ ಬೇಕೆನ್ನುವವರು ಆಯಿಲ್ 80 ಡಿಗ್ರಿ ದಾಟಿದ ಮೇಲೆ ದಾರಿ ಬಿಡುವ ಥರ್ಮೊಸ್ಟಾಟ್ ಪ್ಲೇಟನ್ನಾದರೂ ಹಾಕಿಸಬೇಕು. ಪೈಪುಗಳು ಚಾಸಿಗೆ ತಿಕ್ಕದಂತೆ ನೋಡಿಕೊಳ್ಳಬೇಕು. ಪೈಪೊಂದು ಒಡೆದರೆ ಇರುವ ನಾಲ್ಕೂವರೆ ಲೀಟರ್ ಆಯಿಲ್ ರಸ್ತೆಗೆ ಚೆಲ್ಲಲು ಹೆಚ್ಚು ಹೊತ್ತು ಬೇಕಿಲ್ಲ, ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊದ ಬೇರಿಂಗು ಅಷ್ಟರೊಳಗೆ ಸತ್ತಿರುತ್ತದೆ.

ಸರಿ, ಹಳೆಯ ಡಬ್ಬಿಯನ್ನೇ ಮರಳಿ ಹಾಕೋಣವೆಂದರೆ ಅಲ್ಲೂ ಜಗಳ. ಮೇಸ್ತ್ರಿ ಅದನ್ನು ಡೀಸೆಲ್ಲಿನಲ್ಲಿ ಅದ್ದಿ, ಗಾಳಿ ಹೊಡೆದು, ಫಳಫಳ ಹೊಳೆಯಿಸಿಟ್ಟಿದ್ದರು. ಹಿಂದಿನ ಬೇರಿಂಗು ಸವೆದು ಉದುರಿಸಿದ ಲೋಹದ ಪುಡಿ ಅದರ ಪದರಗಳ ನಡುವೆ ಕುಳಿತಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೊಸ ಎಂಜಿನ್ನಿನಲ್ಲಿ ಅದೇ ಪುಡಿ ಹೊಸ ಬೇರಿಂಗಿಗೆ ಹೋಗಿ ಸೇರುತ್ತದೆ. ಮೇಲಾಗಿ ಇಷ್ಟು ವರ್ಷದ ಡಬ್ಬಿ ಒಳಗೇ ತೂತು ಬಿದ್ದರೆ, ಓಡುವಾಗ ಹೆಚ್ಚು ಒತ್ತಡವಿರುವ ಆಯಿಲ್ ನೀರಿಗೆ ನುಗ್ಗುತ್ತದೆ. "ಹೊರಗೆ ಹೊಳೀತದಲ್ಲ?" ಎಂಬ ಮೇಸ್ತ್ರಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಹೊಳೆಯುತ್ತಿದ್ದುದು ನಿಜವೇ ಆಗಿತ್ತು.

ಈ ಕಾರನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದವರು ಅಪ್ಪಯ್ಯ. ಅವರಿಗೆ ಟರ್ಬೊ ಎಂದರೇನೆಂದು ಗೊತ್ತಿರಲಿಲ್ಲ. ಆದರೆ ಘಟ್ಟ ಹತ್ತಿ ಮೇಲೆ ಬಂದು ಕಾರು ನಿಲ್ಲಿಸಿದಾಗ, ತಾವು ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಹೋಳು ಆರಿಸಿ, ಕವಳ ಬಾಯಿಗಿಡುವ ತನಕ ಎಂಜಿನ್ ಬಂದ್ ಮಾಡಗೊಡುತ್ತಿರಲಿಲ್ಲ. ಕಾದ ಟರ್ಬೊದಲ್ಲಿ ಆಯಿಲ್ ನಿಂತು ಕರಕಲಾಗದಿರಲು ಬೇಕಾದ ಸಮಯ ಹೆಚ್ಚುಕಡಿಮೆ ಅಷ್ಟೇ. ಈಗ ಘಟ್ಟದ ಮೇಲೆ ನಿಂತಾಗ ನಾನು ಗಡಿಯಾರ ನೋಡಿಕೊಳ್ಳುತ್ತೇನೆ, ಪಕ್ಕದ ಸೀಟು ಖಾಲಿಯಿರುತ್ತದೆ.

ಕೊನೆಗೆ ಹೊಸ ಡಬ್ಬಿಯನ್ನೇ ತರಿಸಿ, ಅದು ಇರಬೇಕಾದ ಜಾಗದಲ್ಲೇ ಹಾಕಿಸಿದ್ದೇನೆ. ಮೀಟರು 96ಕ್ಕೆ ಬಂದು ನಿಲ್ಲುತ್ತದೆ. ಅಂಗೈಯ ಲೆಕ್ಕದಲ್ಲಿ ಅದು ಒಂದೂವರೆಯಂತೆ. ಕೊಯ್ದ ಬ್ರಾಕೆಟ್ ವೆಲ್ಡಿಂಗಿಗೆ ಹೋಗಿದೆ, ಅದು ಬರುವವರೆಗೆ ಬಂಪರ್ ಗೋಡೆಯ ಪಾಲು. ಬಿಚ್ಚಿಟ್ಟ 25 ಸಾಲಿನ ಕೂಲರನ್ನು ಭಾವ ಮನೆಗೊಯ್ದಿದ್ದಾನೆ, ತನ್ನ ಹಳೆಯ ಜೀಪಿಗೆ ಹಾಕಿಸುತ್ತಾನಂತೆ. ಆ ಜೀಪಿಗೆ ಟರ್ಬೊ ಇಲ್ಲ, ಬ್ಯಾಟರಿಯೂ ಇಲ್ಲ, ಕಳೆದ ಮಳೆಗಾಲದಿಂದ ಕೊಟ್ಟಿಗೆಯಲ್ಲೇ ನಿಂತಿದೆ. ಮೇಸ್ತ್ರಿ ನಿನ್ನೆ ಹೋಗಿ ಅಳತೆ ತೆಗೆದುಕೊಂಡು ಬಂದರು.